ದ ಥಿಂಗ್ (1982): ಚೌಡಿಗಾದ್ರೆ ಹರಕೆ ಕಟ್ಬಹುದು, ಇದಕ್ಕೆ?

ಹಾರರ್ ಇಷ್ಟ ಪಡೋರು ಜಾನ್ ಕಾರ್ಪೆಂಟರ್‌ನ ಈ ಸಿನಿಮಾ ನೋಡ್ಲೇಬೇಕು ಮಾರಾಯ್ರೆ. ಅಂಟಾರ್ಕ್ಟಿಕಾದಲ್ಲೊಂದು ರಿಸರ್ಚ್ ಸ್ಟೇಷನ್, 12 ಜನ ಗಂಡಸ್ರು, ಹಿಮದ ಮೇಲೆ ಓಡ್ತಿರೋ ನಾಯಿ, ಅದನ್ನ ಹೆಲಿಕಾಪ್ಟರಲ್ಲಿ ಅಟ್ಟಿಸ್ಕೊಂಡು ಬಂದು ಗುಂಡು ಹೊಡೀತಿರೋ ನಾರ್ವೆಯೋರು, ಯಾಕಂತ ಗೊತ್ತಾಗೋಷ್ಟರಲ್ಲಿ ಹೊತ್ತು ಮೀರಿರುತ್ತೆ. ಆ ನಾಯಿ ರೂಪದಲ್ಲಿ ಬಂದಿರೋದು ಬೇರೆ ಗ್ರಹದ ಜೀವಿ, ಅದು ಯಾರನ್ನ ನುಂಗುತ್ತೋ ಅವ್ರೇ ಆಗ್ಬಿಡುತ್ತೆ, ಮಾತು ನಡಿಗೆ ಎಲ್ಲ ಸೇಮ್.

ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಕತೆಗಳಲ್ಲಿ ಚೌಡಿ ಕಾಟಕ್ಕೂ ಒಂದು ಕಾರಣ ಇರುತ್ತೆ, ಪೂಜೆ ತಪ್ಪಿರುತ್ತೆ, ಕಡೀಬಾರದ ಮರ ಕಡಿದಿರ್ತಾರೆ, ತಪ್ಪುಕಾಣಿಕೆ ಇಟ್ರೆ ಸುಮ್ನಾಗುತ್ತೆ. ಈ ಜೀವಿಗೆ ನಮ್ಮ ಮೇಲೆ ಸಿಟ್ಟೂ ಇಲ್ಲ, ನಮ್ಮಿಂದ ಹರಕೇನೂ ಬೇಡ, ಮನುಷ್ಯ ಅದರ ಲೆಕ್ಕದಲ್ಲೇ ಇಲ್ಲ. ಕಾಸ್ಮಿಕ್ ಹಾರರ್ ಅಂದ್ರೆ ಇದೇ ನೋಡಿ. ಜಡಿಮಳೆಲಿ ಕರೆಂಟ್ ಹೋಗಿರೋ ಒಂಟಿ ತೋಟದ ಮನೇಲಿ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನೋಡಿದ್ರೆ ಇನ್ನೂ ಚೆನ್ನಾಗಿ ತಟ್ಟುತ್ತೆ, ಹೆಡ್‌ಫೋನ್ ಹಾಕ್ಕೊಳ್ಳಿ, ಎನ್ನಿಯೊ ಮೊರಿಕೋನೆ ಮ್ಯೂಸಿಕ್ ಎದೆಬಡಿತದ ಥರ ಬರುತ್ತೆ.

ಮೂಲ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ 1938ರಲ್ಲಿ ಬರೆದ 'ಹೂ ಗೋಸ್ ದೇರ್?' ಅನ್ನೋ ನೀಳ್ಗತೆ. 1951ರಲ್ಲೇ ಇದನ್ನ ಒಂದ್ಸಲ ಸಿನಿಮಾ ಮಾಡಿದ್ರು, ಆದ್ರೆ ವೇಷ ಬದಲಾಯ್ಸೋದನ್ನೇ ಕೈಬಿಟ್ಟು ಜೀವಿನ ಗಿಡದ ಜಾತಿಯ ದೈತ್ಯ ಮಾಡಿಟ್ರು, ಕತೆಯ ಪ್ರಾಣಾನೇ ಹೋಯ್ತು. ಕಾರ್ಪೆಂಟರ್ ಅದನ್ನ ವಾಪಸ್ ತಂದಿದಾನೆ. ಯಾರು ಮನುಷ್ಯ, ಯಾರು ಆ ಜೀವಿ ಅಂತ ತಿಳಿಯೋಕೆ ಬಿಸಿ ತಂತಿನ ಒಬ್ಬೊಬ್ಬರ ರಕ್ತಕ್ಕೂ ಅದ್ದಿ ನೋಡೋ ಸೀನ್ ಇದ್ಯಲ್ಲ, ಅದರ ಬೇರು ಕೂಡ ಕ್ಯಾಂಪ್‌ಬೆಲ್ ಕತೇಲೇ ಇದೆ, ನಂಗಂತೂ ಇಡೀ ಸಿನಿಮಾದಲ್ಲಿ ಅದಕ್ಕಿಂತ ದೊಡ್ಡ ಸೀನಿಲ್ಲ, ಜೊತೇಲಿ ಉಂಡು ಮಲಗಿದೋರೇ ಒಬ್ಬರ ಮುಖ ಒಬ್ಬರು ನೋಡ್ತಾ ಕೂತಿರ್ತಾರೆ.

ಕ್ಯಾಂಪ್‌ಬೆಲ್ ಕತೆ ಬಂದಿದ್ದು ಅಸ್ಟೌಂಡಿಂಗ್ ಅನ್ನೋ ಪತ್ರಿಕೆಲಿ, ಅದಕ್ಕೂ 2 ವರ್ಷ ಮುಂಚೆ, 1936ರಲ್ಲಿ, ಅದೇ ಪತ್ರಿಕೆಲಿ ಅಮೆರಿಕದ ಹಾರರ್ ಲೇಖಕ ಲವ್‌ಕ್ರಾಫ್ಟ್‌ನ 'ಅಟ್ ದ ಮೌಂಟನ್ಸ್ ಆಫ್ ಮ್ಯಾಡ್‌ನೆಸ್' ಬಂದಿತ್ತು, ಅದೂ ಅಂಟಾರ್ಕ್ಟಿಕಾನೇ, ಮನುಷ್ಯ ಹುಟ್ಟೋಕೆ ಎಷ್ಟೋ ಮುಂಚಿನ ಜೀವಿಗಳೇ. ಸಿನಿಮಾದಲ್ಲಿ ಆ ಜೀವಿ ಬಂದ ಬಾಹ್ಯಾಕಾಶ ನೌಕೆ ಹೂತಿರೋದು ಕನಿಷ್ಠ 1 ಲಕ್ಷ ವರ್ಷ ಹಳೇ ಮಂಜಲ್ಲಿ, ಆ ಕಾಲದ ಆಳ ನೆನೆಸ್ಕೊಂಡಾಗ ಹುಟ್ಟೋ ಭಯ ಲವ್‌ಕ್ರಾಫ್ಟ್ ಕಡೇದು ಅಂತ ನನ್ನ ನಂಬಿಕೆ.

ರಾಬ್ ಬಾಟಿನ್ ಮಾಡಿರೋ ಎಫೆಕ್ಟ್ಸ್ ರಬ್ಬರು, ಲೋಳೆ, ಎಲ್ಲ ಕೈಕೆಲಸ, ಇವತ್ತಿನ ಗ್ರಾಫಿಕ್ಸಿಗೂ ಆ ಹಸಿತನ ಬರಲ್ಲ. ಮಕ್ಕಳಿಗೆ ಮಾತ್ರ ತೋರಿಸ್ಬೇಡಿ. ಒಂದು ಕೊರತೆ, ಮೊದಲ ಅರ್ಧ ಗಂಟೆ ಗಡ್ಡ ಕೋಟುಗಳ ಮಧ್ಯೆ ಯಾರು ಯಾರಂತ ಹಿಡಿಯೋದು ಕಷ್ಟ. 1982ರ ಜೂನಲ್ಲಿ, ಸ್ಪೀಲ್‌ಬರ್ಗ್‌ನ ಮುದ್ದು ಏಲಿಯನ್ ಸಿನಿಮಾ ಇ.ಟಿ. ಬಂದ 2 ವಾರಕ್ಕೆ ರಿಲೀಸಾಗಿ ವಿಮರ್ಶಕರ ಕೈಲಿ ಬೈಸ್ಕೊಂಡಿತ್ತು, ಪಾಪ.

ಸಿನಿಮಾ ಮೊದಲು ನೋಡಿ, ಆಮೇಲೆ ಕ್ಯಾಂಪ್‌ಬೆಲ್ ಓದಿ, ಲವ್‌ಕ್ರಾಫ್ಟ್ ಕೊನೆಗಿರ್ಲಿ, ಶುರುನಲ್ಲಿ ಬರೀ ಕಲ್ಲು, ಪಳೆಯುಳಿಕೆ ಅಂತ ನಿಧಾನ ಹೋಗುತ್ತೆ, ಬಿಡ್ಬೇಡಿ.