ಸೀಲಿಯಾಕ್ ಇರೋ ಮನೆಗೆ ಬ್ರೆಡ್ ಮಷಿನ್: ಒಂದೂಕಾಲು ವರ್ಷ ಬಳಸಿದ ಮೇಲೆ

ನಮ್ಮನೇಲಿ ನಾಲ್ಕು ಜನ, ಅದರಲ್ಲಿ ಇಬ್ಬರಿಗೆ ಸೀಲಿಯಾಕ್, ಅಂದ್ರೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರೋ ಗ್ಲುಟೆನ್ ಅನ್ನೋ ಪ್ರೋಟೀನ್ ಹೊಟ್ಟೆಗೆ ಹೋದ್ರೆ ಸಣ್ಣಕರುಳು ಹಾಳಾಗೋ ಕಾಯಿಲೆ. ಮಗಳಿಗೆ ಮೊದಲು ಗೊತ್ತಾಗಿದ್ದು, ಆಮೇಲೆ ಯಜಮಾನ್ರಿಗೆ. ಹಿಟ್ಟು ಕಲಸಿ, ಉಬ್ಬಿಸಿ, ಬೇಯಿಸೋ ಬ್ರೆಡ್ ಮಷಿನ್, ಗ್ಲುಟೆನ್ ಫ್ರೀ (ಗ್ಲುಟೆನ್ ಇಲ್ಲದ) ಪ್ರೋಗ್ರಾಮ್ ಇರೋದನ್ನ ತಂದು ಈಗ ಒಂದೂಕಾಲು ವರ್ಷ ಆಯ್ತು, ವಾರಕ್ಕೆ ಮೂರು ಅಂತ ಹಿಡಿದ್ರೂ ಇನ್ನೂರರ ಹತ್ತಿರ ಬ್ರೆಡ್ ಅದರಲ್ಲಿ ಆಗಿರ್ಬೇಕು, ಹಾಗಾಗಿ ಇನ್ನು ಧೈರ್ಯವಾಗಿ ರಿವ್ಯೂ ಬರೀಬಹುದು ಅನ್ನಿಸ್ತು. ಕಂಪನಿ ಹೆಸರು ಹಾಕ್ತಿಲ್ಲ, ಮಾಡೆಲ್‌ಗಳು ಬದಲಾಗ್ತಾನೇ ಇರ್ತವೆ, ಏನು ನೋಡಿ ತಗೋಬೇಕು ಅನ್ನೋದು ಮುಖ್ಯ. ತಗೊಳ್ಳಿ ಅಂತಾನೇ ನನ್ನ ಅಭಿಪ್ರಾಯ, ಆದ್ರೆ ಹೊಸದೇ ತಗೊಳ್ಳಿ, ತಂದ ದಿನದಿಂದ ಅದರೊಳಗೆ ಒಂದು ಚಮಚ ಗೋಧಿ ಹಿಟ್ಟೂ ಬೀಳಬಾರದು.

ಮಗಳಿಗೆ ಆರು ವರ್ಷ ಇದ್ದಾಗ ರಕ್ತ ಕಡಿಮೆ ಅಂತ ಐರನ್ ಸಿರಪ್ ಕೊಟ್ಟಿದ್ದೇ ಕೊಟ್ಟಿದ್ದು, ಹಿಮೋಗ್ಲೋಬಿನ್ ಏರಲೇ ಇಲ್ಲ, ಎತ್ತರಾನೂ ಅಲ್ಲೇ ನಿಂತುಹೋಗಿತ್ತು. ಕೊನೆಗೆ ಒಬ್ರು ಡಾಕ್ಟರ್ ಸೀಲಿಯಾಕ್ ಸುಳಿವು ಕೊಡೋ ಟಿಟಿಜಿ ಐಜಿಎ ಅನ್ನೋ ರಕ್ತಪರೀಕ್ಷೆ ಬರೆದುಕೊಟ್ರು, ಅದು ಜಾಸ್ತಿ ಬಂತು, ಆಮೇಲೆ ಎಂಡೋಸ್ಕೋಪಿ, ಕರುಳಿನ ಚೂರು ತೆಗೆದು ನೋಡೋ ಬಯಾಪ್ಸಿ. ಸಣ್ಣಕರುಳಿನ ಒಳಗೋಡೆ ಮೇಲೆ ಬೆರಳಿನ ಥರ ಇರೋ ವಿಲ್ಲೈ ಸವೆದು ಚಪ್ಪಟೆಯಾಗಿವೆ, ಕಬ್ಬಿಣಾಂಶ ಹೀರ್ಕೊಳ್ಳೋ ಜಾಗಾನೇ ಹಾಳಾಗಿದೆ, ಹಂಗಿದ್ದಾಗ ಸಿರಪ್ ಎಷ್ಟು ಕೊಟ್ರೂ ಮೈಗೆ ಹತ್ತಲ್ಲ ಅಂದ್ರು. ಮನೇಲಿ ಒಬ್ಬರಿಗೆ ಇದ್ರೆ ಅಪ್ಪ, ಅಮ್ಮ, ಅಣ್ಣತಮ್ಮಂದಿರು, ಅಕ್ಕತಂಗಿಯರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರಬಹುದು ಅಂತ ನಮ್ಮೆಲ್ಲರದ್ದೂ ರಕ್ತ ತೆಗೆಸಿದ್ವಿ. ಮಗಂದು, ನಂದು ನೆಗೆಟಿವ್. ಯಜಮಾನ್ರದ್ದು ಪಾಸಿಟಿವ್! ಹೊಟ್ಟೆನೋವಿಲ್ಲ, ಭೇದಿ ಇಲ್ಲ, ಸುಸ್ತು ಒಂದು ಬಿಟ್ರೆ ಮನುಷ್ಯ ಗಟ್ಟಿಮುಟ್ಟು, ಸುಸ್ತಿಗೆ ಕೆಲಸ ಕಾರಣ ಅಂತ ಇಬ್ರೂ ಅಂದ್ಕೊಂಡಿದ್ವಿ. ಇದನ್ನ ಓದಿ ಯಾರಿಗಾದ್ರೂ ಅನುಮಾನ ಬಂದ್ರೆ ದಯವಿಟ್ಟು ಟೆಸ್ಟ್ ಆಗೋ ತನಕ ಗ್ಲುಟೆನ್ ಬಿಡಬೇಡಿ, ಬಿಟ್ಟು ಟೆಸ್ಟ್ ಮಾಡಿಸಿದ್ರೆ ರಕ್ತದಲ್ಲೂ ಬಯಾಪ್ಸಿಯಲ್ಲೂ ಇದ್ದದ್ದು ಇಲ್ಲ ಅಂತ ಬಂದುಬಿಡಬಹುದು.

ಆಮೇಲೆ ಶುರುವಾಗಿದ್ದು ಒಂದೇ ಮನೇಲಿ ಎರಡು ಬ್ರೆಡ್. ಮಗನಿಗೂ ನನಗೂ ಮಾಮೂಲಿ ಬ್ರೆಡ್, ಅವರಿಬ್ಬರಿಗೆ ಅಂಗಡಿಯ ಗ್ಲುಟೆನ್ ಫ್ರೀ ಬ್ರೆಡ್. ಎರಡು ಟೋಸ್ಟರ್, ಎರಡು ಬೆಣ್ಣೆ ಡಬ್ಬಿ, ಎರಡು ಜಾಮ್, ಎಲ್ಲದಕ್ಕೂ ಬಣ್ಣದ ಸ್ಟಿಕ್ಕರ್. ಇಷ್ಟೆಲ್ಲಾ ಮಾಡಿದ್ರೂ ಒಂದಿನ ಮಗ ಆತುರದಲ್ಲಿ ತನ್ನ ಬ್ರೆಡ್ ಸವರಿದ ಚಾಕುನ ಹಸಿರು ಸ್ಟಿಕ್ಕರ್ ಡಬ್ಬಿಗೆ ಅದ್ದಿಬಿಟ್ಟ, ಬೆಣ್ಣೆ ಮೇಲೆ ಎರಡು ಚೂರು ಕಂದು ಪುಡಿ ಕೂತಿದ್ದು ನಾನು ನೋಡೋ ಹೊತ್ತಿಗೆ ಮಗಳು ಅದನ್ನ ಸವರ್ಕೊಂಡು ತಿಂದಾಗಿತ್ತು. ಯಾರನ್ನ ಬೈಯೋದು, ಅವನೂ ಮಗುನೇ. ಅದಕ್ಕಿಂತ ಜಾಸ್ತಿ ನನ್ನ ಕರುಳು ಹಿಂಡಿದ್ದು ಆಮೇಲಿಂದ ಅವಳು ಕಲಿತ ಅಭ್ಯಾಸ. ತಟ್ಟೆ ಮುಂದಿಟ್ರೆ ಕೈ ಹಿಂದೆ ಕಟ್ಕೊಂಡು "ಅಮ್ಮಾ, ಇದು ನಂದಾ ಅಣ್ಣಂದಾ?" ಅಂತ ಕೇಳೋಳು. ಪ್ರತಿ ಸಲಾನೂ, ತನ್ನ ಮನೇಲೇ, ತನ್ನ ಅಮ್ಮನ ಹತ್ರಾನೇ. ಅವತ್ತೇ ಅಂದ್ಕೊಂಡೆ, ಮನೆಗೆಲ್ಲ ಒಂದೇ ಬ್ರೆಡ್ ಆಗ್ಬೇಕು, ಅದು ಎಲ್ಲರೂ ಇಷ್ಟಪಟ್ಟು ತಿನ್ನೋ ಹಂಗಿರ್ಬೇಕು ಅಂತ. ಅಂಗಡಿ ಬ್ರೆಡ್ ಮಗ ಮುಟ್ತಿರ್ಲಿಲ್ಲ, ಒಣಕಲು, ಕೈಲಿ ಹಿಡಿದ್ರೆ ಪುಡಿಪುಡಿ.

ಮಷಿನ್ ವಿಷಯ ತೆಗೆದಾಗ ನಮ್ಮಕ್ಕ ತನ್ನ ಹಳೇ ಮಷಿನ್ ಕೊಡ್ತೀನಿ, ಚೆನ್ನಾಗಿ ತೊಳೆದಿದ್ದೀನಿ ಅಂದ್ಲು. ಪ್ರೀತಿಯಿಂದಾನೇ ಕೊಟ್ಟಿದ್ದು. ಮನೆಗೆ ತಂದು ಪ್ಯಾನ್ ಹೊರಗೆ ತೆಗೆದು ತಿರುವಿ ನೋಡಿದೆ. ನಾದೋ ಪ್ಯಾಡಲ್ ಕೂರೋ ಕಂಬಿ ಇರುತ್ತಲ್ಲ, ಅದರ ಬುಡದಲ್ಲಿ ರಬ್ಬರ್ ಸೀಲ್ ಸುತ್ತ ಸಣ್ಣ ಸಂದು, ಟೂತ್‌ಪಿಕ್ ಹಾಕಿ ಕೆದಕಿದ್ರೆ ಸಿಮೆಂಟ್ ಥರ ಗಟ್ಟಿಯಾದ ಹಳೇ ಹಿಟ್ಟು ಚಕ್ಕೆ ಚಕ್ಕೆಯಾಗಿ ಬಂತು, ಕೆದಕಿದಷ್ಟೂ ಬರ್ತಾನೇ ಇತ್ತು. ಮಷಿನ್ ಒಳಗೆ ಹೀಟರ್ ಕಾಯಿಲ್ ಪಕ್ಕಾನೂ ಉದುರಿದ ಹಿಟ್ಟು. ಬಿಸಿಗೆ ಎಲ್ಲಾ ಸುಟ್ಟುಹೋಗುತ್ತೆ ಬಿಡು ಅಂತ ಎಷ್ಟೋ ಜನ ಹೇಳ್ತಾರೆ, ಅದು ತಪ್ಪು, ಗ್ಲುಟೆನ್ ಕ್ರಿಮಿ ಅಲ್ಲ, ಪ್ರೋಟೀನು, ಬ್ರೆಡ್ ಬೇಯೋ ಬಿಸಿಗೆ ಅದು ನಾಶ ಆಗಲ್ಲ, ಸ್ಯಾನಿಟೈಸರ್ ಹಾಕಿ ಒರೆಸಿದ್ರೂ ಏನೂ ಆಗಲ್ಲ, ಉಜ್ಜಿ ತೊಳೆದು ಅಲ್ಲಿಂದ ತೆಗೀಬೇಕು, ತೆಗೆಯೋಕೆ ಆಗದ ಸಂದಿನಲ್ಲಿದ್ರೆ ಆ ವಸ್ತುನೇ ನಮಗೆ ಬೇಡ. ಅಕ್ಕಂಗೆ ವಾಪಸ್ ಕೊಟ್ಟೆ, ಸೀಲ್ ತೋರಿಸಿದ ಮೇಲೆ ಅವಳೂ ಬೇಜಾರು ಮಾಡ್ಕೊಳ್ಳಲಿಲ್ಲ.

ಹೊಸದಾಗಿ ಮೊದಲು ತಗೊಂಡಿದ್ದು ಬೇರೆ ಕಂಪನಿದು, ಅದರ ಮೇಲೂ ಗ್ಲುಟೆನ್ ಫ್ರೀ ಅಂತ ಬಟನ್ ಇತ್ತು. ಬ್ರೆಡ್ ಮಾತ್ರ ಪ್ರತಿ ಸಲ ಇಟ್ಟಿಗೆ. ಹಿಟ್ಟು ಸರಿ ಇಲ್ವೇನೋ, ಯೀಸ್ಟ್ ಸತ್ತಿದೆಯೇನೋ ಅಂತ ಮೂರು ವಾರ ತಲೆ ಕೆಡಿಸ್ಕೊಂಡೆ. ಒಂದಿನ ಮಷಿನ್ ಪಕ್ಕ ಸ್ಟೂಲ್ ಹಾಕ್ಕೊಂಡು ಪೂರ್ತಿ ಹೊತ್ತು ಕೂತು ನೋಡಿದೆ: ಹಿಟ್ಟು ಚೆನ್ನಾಗಿ ಉಬ್ಬಿತ್ತು, ಮುಕ್ಕಾಲು ಗಂಟೆಗೆ ಪ್ಯಾಡಲ್ ಮತ್ತೆ ತಿರುಗೋಕೆ ಶುರು ಮಾಡ್ತು, ಉಬ್ಬಿದ್ದೆಲ್ಲ ಪುಸ್ ಅಂತ ಇಳೀತು, ಆಮೇಲೆ ಏಳಲೇ ಇಲ್ಲ. ಗೋಧಿ ಹಿಟ್ಟಾದ್ರೆ ಹಿಂಗೆ ಮಾಡಬಹುದು, ನಾದಿದಷ್ಟೂ ಗ್ಲುಟೆನ್ ಎಳೆ ಎಳೆಯಾಗಿ ಬಲೆ ಕಟ್ಟುತ್ತೆ, ಮಧ್ಯೆ ಒಂದ್ಸಲ ಗ್ಯಾಸ್ ತೆಗೆದ್ರೂ ಅದೇ ಬಲೆ ಮತ್ತೆ ಹಿಗ್ಗುತ್ತೆ. ನಮ್ಮ ಹಿಟ್ಟಿಗೆ ಆ ಬಲೆ ಇಲ್ಲ, ಯೀಸ್ಟ್ ಬಿಟ್ಟ ಗ್ಯಾಸ್‌ನ ಹಿಡಿದಿಟ್ಕೊಳ್ಳೋಕೆ ಇಸಬ್ಗೋಲೋ ಜ್ಯಾಂಥನ್ ಗಮ್ಮೋ ಅಂಟು ಬೇಕು, ಆ ಅಂಟು ಹಿಡಿದಿದ್ದನ್ನ ಒಂದ್ಸಲ ಕೆದಕಿದ್ರೆ ಮುಗೀತು. ಅದಕ್ಕೇ ಗ್ಲುಟೆನ್ ಫ್ರೀ ಬ್ರೆಡ್‌ಗೆ ಒಂದು ಸಲ ಕಲಸೋದು, ಒಂದು ಸಲ ಉಬ್ಬೋದು, ಬೇಯಿಸೋದು, ಅಷ್ಟೇ. ಆ ಕಂಪನಿಗೆ ಬರೆದು ಕೇಳಿದ್ರೆ ಬೇಸಿಕ್ (ಮಾಮೂಲಿ ಬ್ರೆಡ್ಡಿನ) ಪ್ರೋಗ್ರಾಮ್ ಹಾಕಿ ನೋಡಿ ಅಂತ ಉತ್ತರ ಬಂತು, ಅದರಲ್ಲಿ ಇನ್ನೊಂದು ಸಲ ಜಾಸ್ತಿ ನಾದುತ್ತೆ! ವಾಪಸ್ ಕಳಿಸಿದ್ವಿ. ನೀವು ತಗೊಳ್ಳೋ ಮುಂಚೆ ಬಟನ್ ಹೆಸರು ನಂಬಬೇಡಿ, ಮ್ಯಾನ್ಯುಯಲ್ ಡೌನ್‌ಲೋಡ್ ಮಾಡಿ ಪ್ರೋಗ್ರಾಮ್ ಟೇಬಲ್ ನೋಡಿ, ಒಂದೇ ರೈಸ್ (ಉಬ್ಬೋ ಹಂತ) ಇದೆಯಾ, ಆಮೇಲೆ ನಾದೋದು ಇಲ್ಲ ತಾನೆ ಅಂತ. ಎಲ್ಲಾ ಹಂತದ ಟೈಮ್ ನಾವೇ ಇಡೋ ಕಸ್ಟಮ್ ಪ್ರೋಗ್ರಾಮ್ ಇದ್ರೆ ಇನ್ನೂ ಒಳ್ಳೇದು.

ಈಗಿರೋ ಮಷಿನ್‌ದು ಗ್ಲುಟೆನ್ ಫ್ರೀ ಪ್ರೋಗ್ರಾಮ್ ಎರಡು ಗಂಟೆ ಚಿಲ್ಲರೆ. ನಾನು ಮಾಡೋದು ಹೀಗೆ, 400 ಗ್ರಾಂ ಹಿಟ್ಟು (ಅಕ್ಕಿ ಹಿಟ್ಟು, ಬಕ್‌ವೀಟ್ ಅಂದ್ರೆ ಕುಟ್ಟು ಹಿಟ್ಟು, ಮೆಕ್ಕೆಜೋಳದ ಪಿಷ್ಟ ಸೇರಿಸಿ), 16 ಗ್ರಾಂ ಇಸಬ್ಗೋಲ್, 7 ಗ್ರಾಂ ಡ್ರೈ ಯೀಸ್ಟ್, 8 ಗ್ರಾಂ ಉಪ್ಪು, ಸ್ವಲ್ಪ ಸಕ್ಕರೆ, ಎರಡು ಚಮಚ ಎಣ್ಣೆ, ಒಂದು ಮೊಟ್ಟೆ, 380 ಗ್ರಾಂ ನೀರು. ನೀರೂ ತಕ್ಕಡೀಲೇ ತೂಗ್ತೀನಿ. ಮಷಿನ್ ಜೊತೆ ಬಂದ ಪುಸ್ತಕದಲ್ಲಿ ಎಲ್ಲಾ ಕಪ್ ಲೆಕ್ಕ, ಅದನ್ನ ನಂಬಿ ಮೊದಲ ವಾರ ಎರಡು ಬ್ರೆಡ್ ಹಾಳಾಯ್ತು, ಒಂದೊಂದು ಹಿಟ್ಟು ಕಪ್‌ನಲ್ಲಿ ಒಂದೊಂದು ತೂಕ ಬರುತ್ತೆ. ಇಸಬ್ಗೋಲ್‌ನ ನೇರ ನೀರಿಗೆ ಸುರಿದ್ರೆ ಗಂಟುಗಂಟಾಗುತ್ತೆ, ಒಣ ಹಿಟ್ಟಿಗೆ ಕೈಯಿಂದ ಬೆರೆಸಿ ಹಾಕಿ. ಶುರುವಾದ ಐದು ನಿಮಿಷಕ್ಕೆ ಮುಚ್ಚಳ ತೆಗೆದು ಸಿಲಿಕೋನ್ ಸೌಟಿನಿಂದ ಪ್ಯಾನಿನ ನಾಲ್ಕು ಮೂಲೆ ಕೆರೆದು ಒಳಗೆ ತಳ್ಳಬೇಕು, ಇಲ್ಲಾಂದ್ರೆ ಮೂಲೇಲಿ ಒಣ ಹಿಟ್ಟು ಹಂಗೇ ಉಳಿದು ಬೆಂದ ಮೇಲೆ ಬಿಳಿ ಪಟ್ಟೆ ಕಾಣುತ್ತೆ. ಹಿಟ್ಟು ಉಂಡೆ ಕಟ್ಟೋ ಥರ ಇರಬಾರದು, ಸೌಟಿಂದ ಬಿಟ್ರೆ ದಪ್ಪಗೆ ನಿಧಾನಕ್ಕೆ ಜಾರಬೇಕು, ಗೋಧಿ ಬ್ರೆಡ್ ಮಾಡಿ ಅಭ್ಯಾಸ ಇರೋರಿಗೆ ಇದೇನಪ್ಪ ಇಷ್ಟು ನೀರು ಅನ್ಸುತ್ತೆ, ಹಂಗೇ ಇರ್ಬೇಕು ಅದು. ಬೆಂದಿದೆಯಾ ಅಂತ ಮೇಲಿನ ಬಣ್ಣ ನೋಡಿ ಹೇಳೋಕಾಗಲ್ಲ, ನಾನು ಥರ್ಮಾಮೀಟರ್ ಚುಚ್ಚಿ ಒಳಗೆ 97 ಡಿಗ್ರಿ ಸೆಲ್ಸಿಯಸ್ ಬಂದಿದ್ಯಾ ನೋಡಿ ತೆಗೀತೀನಿ. ಪೂರ್ತಿ ಆರೋ ತನಕ ಕತ್ತರಿಸಬೇಡಿ, ಬಿಸೀಲಿ ಕತ್ತರಿಸಿದ್ರೆ ಒಳಗೆಲ್ಲ ಗಂಜಿ ಥರ ಅಂಟುತ್ತೆ. ಮಾರನೇ ದಿನಕ್ಕೆ ಗಟ್ಟಿಯಾಗೋದು ಬೇಗ, ಆದ್ದರಿಂದ ಆರಿದ ತಕ್ಷಣ ಸ್ಲೈಸ್ ಮಾಡಿ ಫ್ರೀಜರ್‌ಗೆ ಹಾಕಿ ಬೇಕಾದಾಗ ಟೋಸ್ಟ್ ಮಾಡ್ಕೋತೀವಿ.

ಹಿಟ್ಟಿನ ಬಗ್ಗೆ ಎರಡು ಮಾತು ಹೇಳಲೇಬೇಕು, ಮಷಿನ್ ಎಷ್ಟೇ ಒಳ್ಳೇದಿದ್ರೂ ಹಿಟ್ಟು ತಪ್ಪಿದ್ರೆ ಎಲ್ಲಾ ವ್ಯರ್ಥ. ಅಕ್ಕಿ ಹಿಟ್ಟು ಹುಟ್ಟಾ ಗ್ಲುಟೆನ್ ಇಲ್ಲದ್ದೇ, ಆದ್ರೆ ಗೋಧಿ ಬೀಸಿದ ಗಿರಣೀಲೇ ಅದನ್ನೂ ಬೀಸಿದ್ರೆ ನಮಗೆ ಅದು ವಿಷ, ಹಾಗಾಗಿ ಗ್ಲುಟೆನ್ ಫ್ರೀ ಅಂತ ಲೇಬಲ್ ಇರೋ ಹಿಟ್ಟೇ ತಗೋತೀವಿ. ಆ ಮಾತಿಗೆ ಕೋಡೆಕ್ಸ್ ಅನ್ನೋ ಅಂತರರಾಷ್ಟ್ರೀಯ ಆಹಾರ ಮಾನದಂಡದ ಲೆಕ್ಕದಲ್ಲಿ ಒಂದು ಕೆಜಿಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಅಂತ ಅರ್ಥ. ಅದೆಷ್ಟು ಕಮ್ಮಿ ಅಂದ್ರೆ, ಆ ಮಿತಿಯಲ್ಲೇ ಇರೋ ಬ್ರೆಡ್ ಅರ್ಧ ಕೆಜಿ ತಿಂದ್ರೆ ಹೊಟ್ಟೆಗೆ ಹೋಗೋದು 10 ಮಿಲಿಗ್ರಾಂ. ದಿನಾ 50 ಮಿಲಿಗ್ರಾಂ ಹಂಗೆ ಮೂರು ತಿಂಗಳು ಹೋದ್ರೆ ಕರುಳಿಗೆ ಪೆಟ್ಟು ಬೀಳುತ್ತೆ ಅಂತ ಅಧ್ಯಯನದಲ್ಲೇ ಕಂಡಿದೆ, ಗೋಧಿ ಬ್ರೆಡ್ಡಿನ ಒಂದು ಸ್ಲೈಸ್‌ನಲ್ಲಿ ಗ್ಲುಟೆನ್ ಗ್ರಾಂಗಟ್ಟಲೆ ಇರುತ್ತೆ, ಈಗ ಆ ಬೆಣ್ಣೆ ಡಬ್ಬಿಯ ಎರಡು ಚೂರಿಗೆ ನಾನ್ಯಾಕೆ ಅಷ್ಟು ಹೆದರಿದೆ ಅಂತ ಗೊತ್ತಾಗಿರ್ಬೇಕು. ವೀಟ್ ಫ್ರೀ ಅಂತ ಬರೆದಿದ್ರೆ ಸಾಲದು, ಬಾರ್ಲಿ, ರೈ, ಬಾರ್ಲಿಯ ಮಾಲ್ಟ್ ಅದರಲ್ಲಿರಬಹುದು. ಬಕ್‌ವೀಟ್ ಹೆಸರಲ್ಲಿ ಮಾತ್ರ ವೀಟ್, ಅದು ಗೋಧಿ ಜಾತಿಯೇ ಅಲ್ಲ. ಕೆಲವು ರೆಡಿ ಮಿಕ್ಸ್‌ಗಳಲ್ಲಿ ಗ್ಲುಟೆನ್ ತೆಗೆದ ಗೋಧಿ ಪಿಷ್ಟ ಇರುತ್ತೆ, 20ರ ಮಿತಿಯೊಳಗಿದ್ರೆ ಸೀಲಿಯಾಕ್‌ನವರಿಗೆ ಸರಿ, ಗೋಧಿ ಅಲರ್ಜಿ ಇರೋರಿಗೆ ಅಲ್ಲ, ಎರಡೂ ಬೇರೆ ಬೇರೆ ಕಾಯಿಲೆ. ಬರೀ ಪಿಷ್ಟದ ಬ್ರೆಡ್ ಮೆತ್ತಗೆ ಬರುತ್ತೆ ನಿಜ, ಆದ್ರೆ ನಾರು, ಕಬ್ಬಿಣ ಏನೂ ಇರಲ್ಲ, ಐರನ್ ಕಮ್ಮಿ ಅಂತಾನೇ ನಮ್ಮ ಕಥೆ ಶುರುವಾಗಿದ್ದು, ಅದಕ್ಕೇ ಬಕ್‌ವೀಟ್ ನಾನು ಬಿಡಲ್ಲ.

ಮಷಿನ್‌ದು ಬೇಜಾರುಗಳೂ ಇವೆ. ಪ್ಯಾಡಲ್ ಬ್ರೆಡ್ ಒಳಗೇ ಸಿಕ್ಕಿಹಾಕ್ಕೊಂಡು ಕೆಳಗೆ ತೂತು ಬೀಳುತ್ತೆ, ಮಧ್ಯದ ಎರಡು ಸ್ಲೈಸ್ ಯಾವಾಗ್ಲೂ ಹರುಕು. ಕಲಸಿದ ತಕ್ಷಣ ಕೈ ಒದ್ದೆ ಮಾಡ್ಕೊಂಡು ಪ್ಯಾಡಲ್ ತೆಗೆದುಬಿಟ್ರೆ ತೂತು ಚಿಕ್ಕದಾಗುತ್ತೆ, ಮೇಲ್ಭಾಗಾನೂ ಅದೇ ಕೈಯಿಂದ ಸವರಿ ಸಮ ಮಾಡಬಹುದು, ಆದ್ರೆ ಅಷ್ಟು ಹೊತ್ತು ಅಲ್ಲೇ ಇರ್ಬೇಕು, ಹಾಕಿ ಮರೆತುಬಿಡಿ ಅನ್ನೋ ಜಾಹೀರಾತಿನ ಮಾತು ನಮ್ಮ ಬ್ರೆಡ್‌ಗೆ ನಡೆಯಲ್ಲ. ಬೆಂದ ಮೇಲೆ ಕೀಪ್ ವಾರ್ಮ್ (ಬಿಸಿಯಾಗೇ ಇಡೋ ಹಂತ) ತಾನಾಗೇ ಶುರುವಾಗುತ್ತೆ, ಹಂಗೇ ಬಿಟ್ರೆ ಬ್ರೆಡ್ ಬೆವತು ಪಕ್ಕ ಒಳಗೆ ಕುಸಿಯುತ್ತೆ, ಬೀಪ್ ಆದ ಕೂಡ್ಲೇ ತೆಗೀಬೇಕು. ರಾತ್ರಿ ಟೈಮರ್ ಇಡೋ ಸೌಲಭ್ಯ ಇದೆ, ಹಸಿ ಮೊಟ್ಟೆ ಹಾಕೋದ್ರಿಂದ ನಾನು ಯಾವತ್ತೂ ಇಟ್ಟಿಲ್ಲ. ಒಂದ್ಸಲಕ್ಕೆ ಒಂದೇ ಬ್ರೆಡ್, ಮನೆಗೆ ನೆಂಟರು ಬಂದ್ರೆ ಎರಡು ಸಲ ಓಡಿಸ್ಬೇಕು.

ಇಷ್ಟಿದ್ರೂ ಇದು ನಮ್ಮನೇಲಿ ಮಾಡಿದ ಕೆಲಸ ದೊಡ್ಡದು. ಎರಡನೇ ತಿಂಗಳಿಗೆ ಮಗ ತಾನಾಗೇ ತನ್ನ ಬ್ರೆಡ್ ಬೇಡ, ಇದೇ ಸಾಕು ಅಂದ. ಹಳೇ ಟೋಸ್ಟರ್ ಮನೆಯಿಂದ ಹೊರಗೆ ಹೋಯ್ತು, ಸ್ಟಿಕ್ಕರ್‌ಗಳನ್ನ ಮಗಳೇ ಕೂತು ಕಿತ್ತಳು, ಅಡುಗೆಮನೆ ಪೂರ್ತಿ ಗ್ಲುಟೆನ್ ಫ್ರೀ ಆಯ್ತು, ಮಗಂಗೂ ನನಗೂ ಬೇಕಂದ್ರೆ ಹೊರಗೆ ತಿನ್ಕೊಂಡು ಬರ್ತೀವಿ, ಅದೇನು ಕಷ್ಟ ಅಲ್ಲ. ಟಿಟಿಜಿ ಇಳಿಯೋಕೆ ತಿಂಗಳುಗಟ್ಟಲೆ ಬೇಕು ಅಂತ ಡಾಕ್ಟರ್ ಮೊದಲೇ ಹೇಳಿದ್ರು, ಎರಡು ಬ್ರೆಡ್ ಕಾಲದಲ್ಲಿ ಮಗಳದ್ದು ಸ್ವಲ್ಪ ಇಳಿದು ಅಲ್ಲೇ ನಿಂತಿತ್ತು, ಹೋದ ಸಲ ನಾರ್ಮಲ್ ಬಂತು. ಮಷಿನ್‌ನಿಂದಾನೇ ಅಂತ ನಾನು ಹೇಳಲ್ಲ, ಪುಡಿ ಉದುರೋ ಬ್ರೆಡ್ಡೇ ಮನೇಲಿ ಇಲ್ಲದ್ದು ಕಾರಣ ಅಂತ ನನ್ನ ನಂಬಿಕೆ. ಈಗ ಅಣ್ಣ ತಂಗಿ ಜಗಳ ಆಡೋದು ಬ್ರೆಡ್ಡಿನ ಗರಿಗರಿ ತುದಿ ಯಾರಿಗೆ ಅಂತ, ಅವಳು ಕೇಳದೇ ಕೈ ಹಾಕಿ ತಗೋತಾಳೆ.

ಕೊನೇದಾಗಿ, ತಗೊಳ್ಳೋ ದಿನಾನೇ ಪ್ಯಾನ್, ಪ್ಯಾಡಲ್ ಬಿಡಿಯಾಗಿ ಸಿಗುತ್ತಾ ಅಂತ ಕೇಳ್ಕೊಳ್ಳಿ. ನಮ್ಮ ಪ್ಯಾನಿನ ನಾನ್‌ಸ್ಟಿಕ್ ಒಂದು ವರ್ಷಕ್ಕೆ ಕಂಬಿ ಸುತ್ತ ಎದ್ದುಬಂತು, ಸೀಲ್‌ನಿಂದ ನೀರು ಜಿನುಗೋಕೂ ಶುರುವಾಗಿತ್ತು, ಬಿಡಿ ಪ್ಯಾನ್ ಸಿಕ್ಕಿದ್ದಕ್ಕೆ ಸರಿಹೋಯ್ತು, ಇಲ್ಲದಿದ್ರೆ ಇನ್ನೊಂದು ಹೊಸ ಮಷಿನ್ನೇ ತರಬೇಕಿತ್ತು, ಬೇರೆಯವರ ಮನೆ ಪ್ಯಾನ್ ಸಾಲ ತಗೊಂಡು ಬಳಸೋ ಹಂಗಿಲ್ವಲ್ಲ ನಮಗೆ.