ಭೂತಾನ್‌ಗೆ ಎರಡು ಸಲ: ಟೂರ್ ಬಸ್ಸಾ, ನಮ್ಮದೇ ಕಾರಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾರಿಗೆ. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಒಂದು ಟೂರ್ ಕಂಪನಿ ಜೊತೆ ಇಪ್ಪತ್ತಾರು ಜನರ ಗುಂಪಿನಲ್ಲಿ ನಾನು, ಹೆಂಡತಿ ಹೋಗಿ ಬಂದೆವು. ಆರು ತಿಂಗಳಿಗೆ, 2024ರ ಏಪ್ರಿಲ್‌ನಲ್ಲಿ, ಅತ್ತೆಯನ್ನೂ ಕರೆದುಕೊಂಡು ಅದೇ ಊರುಗಳಿಗೆ ಮತ್ತೆ ಹೋದೆವು. "ನೋಡಿದ್ದೇ ನೋಡೋಕೆ ಎರಡು ಸಲ ದುಡ್ಡು ಸುರೀತೀರಲ್ಲೋ" ಅಂತ ಅಣ್ಣ ಬೈದ. ಮೊದಲ ಸಲ ಸರಿಯಾಗಿ ನೋಡಿದ್ದರೆ ತಾನೇ!

ಮೊದಲನೆಯದು ವಿಮಾನದಲ್ಲಿ, ಕೋಲ್ಕತ್ತಾದಿಂದ ಭೂತಾನಿನ ವಿಮಾನ ನಿಲ್ದಾಣವಿರುವ ಪಾರೋಗೆ. ಐದು ರಾತ್ರಿ. ಎರಡನೆಯದು ಪಶ್ಚಿಮ ಬಂಗಾಳದ ಬಾಗ್ಡೋಗ್ರಾವರೆಗೆ ವಿಮಾನ, ಅಲ್ಲಿಂದ ಟ್ಯಾಕ್ಸಿಯಲ್ಲಿ ಜೈಗಾಂವ್, ಗಡಿ ಗೇಟು ದಾಟಿದರೆ ಫುಂಟ್‌ಶೋಲಿಂಗ್. ಆಚೆ ಕಡೆ ಭೂತಾನಿನ ಕಾರು, ಡ್ರೈವರ್, ಗೈಡ್ ಕಾಯುತ್ತಿದ್ದರು. ಏಳು ರಾತ್ರಿ. ಎರಡಕ್ಕೂ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು, ಆಧಾರ್ ನಡೆಯಲ್ಲ.

ಈಗ ನನ್ನ ಹೊಟ್ಟೆಯುರಿ ಕೇಳಿ.

ಭೂತಾನಿನಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಜೊಂಗ್‌ಗಳು. ಹೊರಗಿಂದ ಕೋಟೆ, ಒಳಗೆ ಅರ್ಧ ಸರ್ಕಾರಿ ಕಚೇರಿ, ಅರ್ಧ ಬೌದ್ಧ ಮಠ. ರಾಜಧಾನಿ ಥಿಂಪುವಿನ ತಾಶಿಛೋ ಜೊಂಗ್ ಅಂದರೆ ನಮ್ಮ ವಿಧಾನಸೌಧವನ್ನೂ ಒಂದು ದೊಡ್ಡ ಮಠವನ್ನೂ ಒಂದೇ ಗೋಡೆಯೊಳಗೆ ಇಟ್ಟ ಹಾಗೆ. ರಾಜರ ಕಚೇರಿ ಇರುವುದೂ ಅಲ್ಲೇ. ಕಂಪನಿ ಕೊಟ್ಟ ಹಾಳೆಯಲ್ಲಿ "ದಿನ 2: ತಾಶಿಛೋ ಜೊಂಗ್ ವೀಕ್ಷಣೆ" ಅಂತ ದಪ್ಪಕ್ಷರದಲ್ಲಿತ್ತು. ನಾನು ಅದಕ್ಕೇ ಅಂತ ಕಾಲರ್ ಇರುವ ತುಂಬುತೋಳಿನ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ್ದೆ. ಜೊಂಗ್ ಒಳಗೆ ಅರ್ಧ ಚಡ್ಡಿ, ಟೋಪಿ ನಡೆಯಲ್ಲ ಅಂತ ಓದಿಕೊಂಡಿದ್ದೆ.

ಬಸ್ಸು ಬೆಳಿಗ್ಗೆ ಹನ್ನೊಂದೂವರೆಗೆ ಎದುರು ಗುಡ್ಡದ ರಸ್ತೆಯಲ್ಲಿ ನಿಂತಿತು. ಕೆಳಗೆ ಬಿಳಿ ಗೋಡೆ, ಹೊಂಬಣ್ಣದ ಚಾವಣಿ. "ಫೋಟೋ ತೆಗೊಳ್ಳಿ, ಹದಿನೈದು ನಿಮಿಷ" ಅಂದರು ಮ್ಯಾನೇಜರ್. ತೆಗೆದೆವು. ಮತ್ತೆ ಬಸ್ಸು ಹತ್ತಿದೆವು. ಇನ್ನೇನು ಕೆಳಗೆ ಗೇಟಿಗೆ ಹೋಗುತ್ತೆ ಅಂತ ನಾನು ಕಾಯುತ್ತಲೇ ಇದ್ದೆ. ಬಸ್ಸು ಊಟಕ್ಕೆ ಹೋಯಿತು.

ವಿಷಯ ಇಷ್ಟೇ. ಕೆಲಸದ ದಿನಗಳಲ್ಲಿ ಆ ಜೊಂಗ್‌ಗೆ ಪ್ರವಾಸಿಗಳನ್ನು ಬಿಡುವುದು ಕಚೇರಿ ಮುಗಿದ ಮೇಲೆ, ಸಂಜೆ ಐದರ ಹೊತ್ತಿಗೆ. ಶನಿವಾರ, ಭಾನುವಾರ ಹಗಲಲ್ಲೇ ಬಿಡುತ್ತಾರೆ. ಇದೇನು ಗುಟ್ಟಲ್ಲ, ಅಲ್ಲಿನ ಯಾವ ಗೈಡನ್ನು ಕೇಳಿದರೂ ಹೇಳುತ್ತಾರೆ. ನಾವು ಹೋಗಿದ್ದು ಮಂಗಳವಾರ. ಸಂಜೆ ಐದಕ್ಕೆ ಎಲ್ಲಿದ್ದೆವು ಗೊತ್ತಾ? ಒಂದು ಕರಕುಶಲ ಅಂಗಡಿಯಲ್ಲಿ, ಭರ್ತಿ ಎರಡು ಗಂಟೆ. ಅಲ್ಲಿಂದ ನನಗೆ ದಕ್ಕಿದ್ದು ಫ್ರಿಜ್ಜಿಗೆ ಅಂಟಿಸುವ ಒಂದು ಹುಲಿ.

ರಾತ್ರಿ ಮ್ಯಾನೇಜರನ್ನು ಕೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ, ನಕ್ಕರು. "ಸರ್, ವೀಕ್ಷಣೆ ಅಂದ್ರೆ ವೀಕ್ಷಣೆ. ಪ್ರವೇಶ ಅಂತ ಎಲ್ಲಿ ಬರೆದಿದೆ ತೋರಿಸಿ." ಹಾಳೆ ತೆಗೆದು ನೋಡಿದೆ. ಪುನಾಖಾ ಜೊಂಗ್‌ಗೆ "ಪ್ರವೇಶ". ಪಾರೋದ ರಿನ್‌ಪುಂಗ್ ಜೊಂಗ್‌ಗೆ "ವೀಕ್ಷಣೆ". 1629ರಲ್ಲಿ ಕಟ್ಟಿದ ಸಿಮ್ತೋಖಾ ಜೊಂಗ್‌ಗೆ, ಅಂದರೆ ಭೂತಾನನ್ನು ಒಂದುಗೂಡಿಸಿದ ಶಬ್ದ್ರುಂಗ್ ಙವಾಂಗ್ ನಮ್‌ಗ್ಯಾಲ್ ಆ ದೇಶದಲ್ಲಿ ಕಟ್ಟಿಸಿದ ಮೊದಲ ಜೊಂಗ್‌ಗೆ, "ದಾರಿಯಲ್ಲಿ ದರ್ಶನ". ದರ್ಶನವೂ ಆಯಿತು, ಬಸ್ಸಿನ ಬಲಗಡೆ ಕಿಟಕಿಯವರಿಗೆ. ನಾನು ಎಡಗಡೆ. ಮೂರು ಪದ, ಮೂರು ಅರ್ಥ. ದುಡ್ಡು ಕಟ್ಟುವ ಮೊದಲು ಒಂದೊಂದು ಜಾಗದ ಹೆಸರು ಹಿಡಿದು ಕೇಳಿ: ಒಳಗೆ ಹೋಗ್ತೀವಾ? ಎಷ್ಟು ಹೊತ್ತು?

ಏಪ್ರಿಲ್‌ನಲ್ಲಿ ಗೈಡ್ ಹುಡುಗನಿಗೆ ನಾನು ಮೊದಲು ಹೇಳಿದ್ದೇ ಇದನ್ನ. ಅವನು ನಾಲ್ಕೂಮುಕ್ಕಾಲಿಗೆ ಗೇಟಿನ ಹತ್ತಿರ ಕಾರು ನಿಲ್ಲಿಸಿ, ಹಿಂದಿನ ಸೀಟಿನಿಂದ ಮಡಚಿಟ್ಟ ಒಂದು ಬಿಳಿ ವಸ್ತ್ರ ತೆಗೆದ. ಎಡ ಹೆಗಲಿನಿಂದ ಸೊಂಟದವರೆಗೆ ಸುತ್ತಿ, ನಿರಿಗೆ ಸರಿಮಾಡಿಕೊಂಡು, ಕಾರಿನ ಕನ್ನಡಿಯಲ್ಲಿ ಒಂದು ಸಲ ನೋಡಿಕೊಂಡ. ಅದು ಕಬ್ನೆ. ಗೋ ಅನ್ನುವ ಅಲ್ಲಿನ ನಿಲುವಂಗಿ ತೊಟ್ಟ ಗಂಡಸರು ಅದಿಲ್ಲದೆ ಜೊಂಗ್ ಒಳಗೆ ಹೋಗುವಂತಿಲ್ಲ. ಸಾಮಾನ್ಯ ಜನರದು ಬಿಳಿ, ರಾಜರದು ಹಳದಿ. "ನಮ್ಮ ಶಲ್ಯದ ಹಾಗೇ ಇದೆ" ಅಂದರು ಅತ್ತೆ. ಬಾವುಟ ಇಳಿಸುವ ಶಾಸ್ತ್ರ ಮುಗಿಯಿತು, ನಮ್ಮ ಬ್ಯಾಗು ತಪಾಸಣೆ ಆಯಿತು, ಒಳಗೆ ಬಿಟ್ಟರು. ಹಾಸುಗಲ್ಲಿನ ಅಷ್ಟಗಲ ಅಂಗಳ, ಪಾರಿವಾಳ, ನಡುವೆ ಉತ್ಸೆ ಅನ್ನುವ ಎತ್ತರದ ಗೋಪುರ. ರಾಜಧಾನಿ ಥಿಂಪುವಿಗೆ ಬಂದ ಮೇಲೆ, 1960ರ ದಶಕದಲ್ಲಿ, ಮೂರನೇ ರಾಜ ಇದನ್ನು ಹಳೇ ಪದ್ಧತಿಯಲ್ಲೇ ಮತ್ತೆ ಕಟ್ಟಿಸಿದರಂತೆ, ನಕ್ಷೆಯಿಲ್ಲದೆ, ಮೊಳೆಯಿಲ್ಲದೆ. ಒಂದು ಗಂಟೆ ಸುಮ್ನೆ ಕೂತಿದ್ದೆವು. ಯಾರೂ ಸೀಟಿ ಊದಲಿಲ್ಲ.

ಪುನಾಖಾದಲ್ಲಿ ಗುಂಪಿಗೂ ಒಳಗೆ ಪ್ರವೇಶ ಸಿಕ್ಕಿತ್ತು, ಐವತ್ತು ನಿಮಿಷ. ಫೋ ಛು, ಮೋ ಛು ಎರಡು ನದಿ ಕೂಡುವ ಜಾಗದಲ್ಲಿ 1637–38ರಲ್ಲಿ ಕಟ್ಟಿದ ಕೋಟೆ ಅದು. ಈಗಿನ ರಾಜರ ಮದುವೆ 2011ರಲ್ಲಿ ಆಗಿದ್ದು ಅಲ್ಲೇ. ಏಪ್ರಿಲ್‌ನಲ್ಲಿ ನಾವು ಅರ್ಧ ದಿನ ಇದ್ದೆವು. ಗೋಡೆ ಪಕ್ಕ ಜಕರಂಡಾ ನೇರಳೆಯಾಗಿ ಅರಳಿತ್ತು. ಚಳಿಗಾಲಕ್ಕೆ ಥಿಂಪುವಿನಿಂದ ಇಳಿದು ಬಂದ ಭಿಕ್ಷುಗಳು ಇನ್ನೂ ಅಲ್ಲೇ ಇದ್ದರು. ಕಡಿದಾದ ಮರದ ಮೆಟ್ಟಿಲು ಹತ್ತಿ ಅತ್ತೆ ಬೋಧಿ ಮರದ ಕೆಳಗೆ ಸುಧಾರಿಸಿಕೊಳ್ಳುತ್ತಿದ್ದಾಗ ಒಬ್ಬ ಎಳೆ ಭಿಕ್ಷು ಹಿಂದಿಯಲ್ಲಿ ಊರು ಕೇಳಿದರು. ಕರ್ನಾಟಕ ಅಂದೆ. "ಬೈಲಕುಪ್ಪೆ!" ಅಂತ ಮುಖ ಅರಳಿಸಿದರು. ನಮ್ದ್ರೋಲಿಂಗ್ ಮಠದಲ್ಲಿ ಓದಿದ್ದರಂತೆ. ಆಮೇಲೆ ಯೋಚಿಸಿ ಯೋಚಿಸಿ, "ಊಟ ಆಯ್ತಾ?" ಅಂದರು. "ಆಯ್ತಪ್ಪಾ, ನಿಮ್ದು?" ಅಂದರು ಅತ್ತೆ. ಮುಂದಿನ ಪಾಠ ಅವರಿಗೆ ಬಂದಿರಲಿಲ್ಲ, ನಕ್ಕುಬಿಟ್ಟರು.

ತಕ್ತ್ಸಾಂಗ್, ಅದೇ ಕ್ಯಾಲೆಂಡರಿನಲ್ಲಿ ಕಾಣುವ ಬಂಡೆಗೆ ಅಂಟಿದ ಹುಲಿಗುಹೆ ಮಠ, ಪಾರೋ ಕಣಿವೆಯಿಂದ ಸುಮಾರು 900 ಮೀಟರ್ ಮೇಲಿದೆ. ಬಸ್ಸು ಗುಂಪು ಅದರ ಬುಡ ಮುಟ್ಟಿದ್ದೇ ಒಂಬತ್ತೂವರೆಗೆ, ಎಲ್ಲರ ತಿಂಡಿ ಮುಗಿಯಬೇಕಲ್ಲ. ಎರಡು ಗಂಟೆಗೆ ವಾಪಸ್ ಬಸ್ಸಿನಲ್ಲಿರಬೇಕು. ನಾನು ನಿಧಾನಕ್ಕೆ ಹತ್ತುವವನು. ಎದುರು ಬಂಡೆಯವರೆಗೆ ಹೋಗಿ, ಮಠ ಕೈಗೆ ಸಿಗುವಷ್ಟು ಹತ್ತಿರ ಕಾಣುವ ಜಾಗದಿಂದ ತಿರುಗಿ ಬಂದೆ. ಅಲ್ಲಿಂದ ಮತ್ತೆ ನೂರಾರು ಮೆಟ್ಟಿಲು ಇಳಿದು, ಜಲಪಾತದ ಪಕ್ಕದ ಸೇತುವೆ ದಾಟಿ, ಮತ್ತೆ ಹತ್ತಬೇಕು. ಎರಡನೇ ಸಲ ಆರೂವರೆಗೇ ಹೊರಟೆವು. ಅತ್ತೆ ಅರ್ಧ ದಾರಿಯ ಕೆಫೆಟೇರಿಯಾದವರೆಗೆ ಕುದುರೆಯಲ್ಲಿ ಬಂದು ಅಲ್ಲೇ ಚಹಾ ಹಿಡಿದು ಕೂತರು. ನಾವಿಬ್ಬರೂ ಬ್ಯಾಗು, ಮೊಬೈಲು ಬಾಗಿಲಲ್ಲಿ ಕೊಟ್ಟು ಒಳಗೆ ಹೋದೆವು. 1692ರ ಮಠ, 1998ರಲ್ಲಿ ಬೆಂಕಿಗೆ ಬಿದ್ದು ಮತ್ತೆ ಕಟ್ಟಿದ್ದು. ಒಳಗೆ ಬೆಣ್ಣೆದೀಪದ ವಾಸನೆ, ಕಾಲಿಗೆ ಕೊರೆಯುವ ನೆಲ. ಫೋಟೋ ಇಲ್ಲ, ಹೇಳುವುದು ಇಷ್ಟೇ.

ಬಸ್ಸಿನ ಪರವಾಗಿಯೂ ಹೇಳಬೇಕು. ಊಟ, ನಿಜವಾಗಲೂ ಅವರದೇ. ಅಡುಗೆಯವರು ಜೊತೆಗೇ ಬಂದಿದ್ದರು, ಥಿಂಪುವಿನ ಚಳಿಯಲ್ಲಿ ಬಿಸಿ ಸಾರು, ಹಪ್ಪಳ ಬಡಿಸಿದರು. ಕಾರಿನ ಪ್ರವಾಸದಲ್ಲಿ ಎಮಾ ದಾತ್ಶಿಯೇ ಗತಿ. ಅದರಲ್ಲಿ ಮೆಣಸಿನಕಾಯಿಯೇ ತರಕಾರಿ, ಚೀಸೇ ಸಾರು. ನನಗೆ ಇಷ್ಟ. ಅತ್ತೆಗೆ ಆಲೂಗಡ್ಡೆಯ ಕೇವಾ ದಾತ್ಶಿ, ಕೆಂಪಕ್ಕಿ ಅನ್ನ, ಮೇಲೆ ಮನೆಯ ಚಟ್ನಿಪುಡಿ.

ಪಾರೋದಲ್ಲಿ ವಿಮಾನ ಇಳಿಯುವುದನ್ನು ಒಂದು ಸಲ ನೋಡಲೇಬೇಕು. ಬೆಟ್ಟಗಳ ಸಂದಿಯಲ್ಲಿ ವಾಲಿ ವಾಲಿ ಇಳಿಯುತ್ತೆ, ಯಾರದೋ ಮನೆ ಮುಂದೆ ಒಣಹಾಕಿದ ಮೆಣಸಿನಕಾಯಿ ಕಾಣಿಸುತ್ತೆ. ಫುಂಟ್‌ಶೋಲಿಂಗ್‌ನಿಂದ ಥಿಂಪುವಿಗೆ ಆರು ಗಂಟೆಯ ತಿರುವು, ಮಧ್ಯೆ ಮಂಜು. ಅತ್ತೆ ಎರಡು ಸಲ ವಾಂತಿ ಮಾಡಿಕೊಂಡರು.

ಥಿಂಪುವಿನಿಂದ ಪುನಾಖಾಗೆ ಹೋಗುವ ದಾರಿಯ ಘಾಟಿ ದೋಚುಲಾದ 108 ಸ್ತೂಪಗಳ ಹಿಂದೆ ಹಿಮದ ಸಾಲು ಅಕ್ಟೋಬರ್‌ನಲ್ಲಿ ಕಂಡಿತು, ಏಪ್ರಿಲ್‌ನಲ್ಲಿ ಮೋಡ. ಇದು ತಿಂಗಳಿನ ಮಾತು, ಬಸ್ಸಿನದ್ದಲ್ಲ.

ದುಡ್ಡು. ಗುಂಪಿನಲ್ಲಿ ತಲೆಗೆ ₹92,000. ಕಾರಿನಲ್ಲಿ ಎರಡು ರಾತ್ರಿ ಜಾಸ್ತಿ ಇದ್ದೂ ತಲೆಗೆ ₹70,000 ಹತ್ತಿರ, ಅದರಲ್ಲಿ ಭಾರತೀಯರು ರಾತ್ರಿಗೆ ₹1,200ರಂತೆ ಕಟ್ಟುವ ಶುಲ್ಕವೂ ಸೇರಿದೆ. ಮೂರು ಜನ ಹಂಚಿಕೊಂಡಿದ್ದಕ್ಕೆ ಈ ಲೆಕ್ಕ. ಇಬ್ಬರೇ ಆದರೆ ಕಾರು, ಗೈಡ್ ಖರ್ಚು ಮೇಲೇರಿ ಉಳಿತಾಯ ಕರಗುತ್ತೆ.

ನಾನು ಐದಕ್ಕೆ ಏಳುವವನು, ಅಂಗಡಿ ಕಂಡರೆ ಆಗದವನು, ಒಂದೇ ಗೋಡೆ ಮುಂದೆ ಅರ್ಧ ಗಂಟೆ ನಿಲ್ಲುವವನು. ಅದಕ್ಕೇ ಕಾರು. ದಿನಾ ಸಾರು ಅನ್ನ ಬೇಕು, ಫಾರಂ ತುಂಬುವ ತಲೆನೋವು ಬೇಡ ಅನ್ನುವವರು ಬಸ್ಸೇ ಹತ್ತಲಿ, ಹಾಳೆಯಲ್ಲಿ "ಪ್ರವೇಶ" ಅನ್ನುವ ಪದ ಎಷ್ಟು ಸಲ ಇದೆ ಅಂತ ಎಣಿಸಿಕೊಂಡು. ಅತ್ತೆಯ ಷರತ್ತು ಬೇರೆ ಇದೆ. ಇನ್ನೊಂದು ಸಲ ಹೋದರೆ ಕಾರು ಪಾರೋದಿಂದಲೇ ಹಿಡಿಯಬೇಕಂತೆ, ಅಲ್ಲಿವರೆಗೆ ವಿಮಾನ.