ಬೆರಳಚ್ಚು ಸವೆದವರಿಗೆ ಜೀವನ್ ಪ್ರಮಾಣ್ ಫೇಸ್ ಆ್ಯಪ್ ಹೇಗಿದೆ?
ಕಾಸರಗೋಡಿನ ಮಂಜೇಶ್ವರ, ಕುಂಬಳೆ ಕಡೆ ವರ್ಷಗಟ್ಟಲೆ ಬೀಡಿ ಕಟ್ಟಿದವರ ಬೆರಳಚ್ಚು ಅಕ್ಷಯ ಕೇಂದ್ರದ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಯಂತ್ರಕ್ಕೆ ಸಿಗುವುದೇ ಕಷ್ಟ, ರೇಖೆ ಸವೆದಿರುತ್ತದೆ. ಅಂಥ ಇಪಿಎಸ್-95 (ಪಿಎಫ್ ಸಂಸ್ಥೆಯ ಪಿಂಚಣಿ ಯೋಜನೆ) ಪಿಂಚಣಿದಾರರಿಗೆ ಮೊಬೈಲ್‌ಗೆ ಮುಖ ತೋರಿಸಿ, ಬದುಕಿದ್ದೇವೆ ಎಂಬ ಜೀವಂತ ಪ್ರಮಾಣಪತ್ರ ಕೊಡುವ ಈ ಸೌಲಭ್ಯ ನಿಜಕ್ಕೂ ಉಪಕಾರ. ಫೋನಿನಲ್ಲಿ ಮುಖ ಗುರುತಿಸುವ ಆಧಾರ್ ಫೇಸ್ ಆರ್‌ಡಿ ಆ್ಯಪೂ ಇರಬೇಕು. ಮೊದಲು ಆಪರೇಟರ್, ಅಂದರೆ ಆ್ಯಪ್ ನಡೆಸುವವರ ಮುಖ ಸ್ಕ್ಯಾನ್ ಆಗಬೇಕು (ಮನೆಯ ಮಗಳಾದರೂ ಸಾಕು), ಆಮೇಲೆ ಪಿಂಚಣಿದಾರರದ್ದು. ಬೆಳಕು ಎದುರಿನಿಂದ ಬೀಳಲಿ, ಕಣ್ಣು ಮಿಟುಕಿಸಲಿ.

ಎಡವುವುದು ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆಯಲ್ಲಿ. ಅದು ತಪ್ಪಿದ್ದರೂ ಪ್ರಮಾಣಪತ್ರದ ಸಂಖ್ಯೆಯಾದ ಪ್ರಮಾಣ್ ಐಡಿ ಬಂದುಬಿಡಬಹುದು. ತಿರಸ್ಕಾರ ಗೊತ್ತಾಗುವುದು ಆಮೇಲೆ. ಕೆಲವು ದಿನ ಬಿಟ್ಟು ಸ್ಥಿತಿ ನೋಡಲೇಬೇಕು. ಸರ್ಕಾರಿ ಪಿಂಚಣಿದಾರರಂತೆ ನವೆಂಬರ್‌ಗೆ ಕಾಯಬೇಡಿ, ಇಪಿಎಸ್‌ನಲ್ಲಿ ಸಲ್ಲಿಸಿದ ದಿನದಿಂದ 12 ತಿಂಗಳು ಊರ್ಜಿತ.

ಆ್ಯಪಿಗೆ ನಾಲ್ಕು ನಕ್ಷತ್ರ. 2014ರಲ್ಲಿ ನಿಗದಿಯಾದ ತಿಂಗಳಿಗೆ 1,000 ರೂಪಾಯಿ ಕನಿಷ್ಠ ಪಿಂಚಣಿಗೆ ಒಂದೂ ಇಲ್ಲ. ಅದನ್ನು 7,500 ರೂಪಾಯಿಗೆ ಏರಿಸಿ ಎಂದು ಕೇಳುವವರ ಮಾತೇ ನ್ಯಾಯ.